ಅಜ್ಜಿಗೂ ಬಂದ ಕಾಮಾಲೆ

ಕನ್ನಡ ನಾಡು ಒಂದಾದ ಮರುವರ್ಷ ನನ್ನ ಕಣ್ಣು ಹಳದಿಯಾಯಿತು. ಎಷ್ಟು ಹಳದಿಯೆಂದರೆ, ನಾನು ದಿಟ್ಟಿಸಿದ ಮಜ್ಜಿಗೆ ಬೇಳೆಸಾರಾಗುತ್ತದೆಂದು ತಂಗಿಯನ್ನು ನಂಬಿಸಿದ್ದೆ. ಹದಿನೈದರ ಹುಡುಗಿ ನಾನು. ಒಂದು ಕೊಡ ನೀರು ಸೇದುವಷ್ಟರಲ್ಲಿ ಕೂತು, ಎದ್ದು, ಮತ್ತೆ ಕೂತು, ಬಾವಿಗೇ ಬೇಸರ ಬರಿಸುತ್ತಿದ್ದೆ.

"ಇದು ಕಾಮಾಲೇನೇ ಕಣೆ," ಎಂದು ತೀರ್ಪು ಕೊಟ್ಟ ಅಜ್ಜಿ, ಕುಪ್ಪಗಡ್ಡೆಯಲ್ಲಿ ನಾಟಿ ಔಷಧಿ ಕೊಡುವ ಮುದುಕನ ಬಳಿಗೆ ಗಾಡಿ ಕಟ್ಟಿಸಿದಳು. ನಮ್ಮ ಕಡೆ ಕಾಮಾಲೆ ಇಳಿಸುವ ಕ್ರಮವೇ ಬೇರೆ. ಕೈಗೆ ಯಾವುದೋ ತೊಗಟೆಯ ರಸ ಸವರಿ, ತಟ್ಟೆಯಲ್ಲಿಟ್ಟ ಸುಣ್ಣದ ತಿಳಿನೀರಲ್ಲಿ ತೊಳೆಸುತ್ತಾರೆ. ನೀರು ಹಳದಿಯಾದರೆ ರೋಗ ಇಳಿಯಿತೆಂದು ಲೆಕ್ಕ. ನನ್ನ ತಟ್ಟೆ ಅರಿಸಿನದ ಕೆರೆಯಾಯಿತು. ಗುಡವಿ ಕೆರೆಯ ಹಕ್ಕಿಗಳು ಕಂಡಿದ್ದರೆ ಅಲ್ಲೇ ಬಂದಿಳಿಯುತ್ತಿದ್ದವು.

ನನಗೆ ಅನುಮಾನ. "ಅಜ್ಜಿ, ನೀನೂ ಒಂದ್ಸಲ ತೊಳಿ ನೋಡಾಣ," ಎಂದೆ.

ಅದೇ ರಸ ಸವರಿಸಿಕೊಂಡು ತೊಳೆದಳು. ಅದೂ ಅಷ್ಟೇ ಹಳದಿ!

ಬಣ್ಣ ತೊಗಟೆಯದು, ರೋಗದ್ದಲ್ಲ ಎಂದು ತೋರಿಸಲು ನಾನು ಹೂಡಿದ ಆಟವದು. ಅಜ್ಜಿಗೆ ಹೊಳೆದದ್ದೇ ಬೇರೆ. "ಅಯ್ಯೋ ಶಿವನೇ, ನಂಗೂ ಬಂದೈತಲ್ಲೇ!" ಎಂದು ಅಲ್ಲೇ ಕುಸಿದಳು.

ಅಂದಿನಿಂದ ಇಬ್ಬರೂ ಎದುರುಬದುರು ಕೂತು ಮುದುಕ ಕೊಟ್ಟ ಕಷಾಯ ಕುಡಿದೆವು. ಅಜ್ಜಿ ದಿನೇ ದಿನೇ ಗಟ್ಟಿಯಾದಳು. ನನಗೆ ಹೊಸಿಲು ದಾಟಿದರೂ ಏದುಸಿರು.

ಒಂದು ಬೆಳಿಗ್ಗೆ ಅಮ್ಮ ನನ್ನ ಬಿಳಿಚಿದ ನಾಲಿಗೆ ನೋಡಿದಳು. ಒಳಗೆ ಹೋಗಿ ಸೀರೆ ಬದಲಿಸಿ ಹೊರಟು ನಿಂತಳು. ಅಪ್ಪ ನನ್ನನ್ನು ಎತ್ತಿಕೊಂಡೇ ಶಿಕಾರಿಪುರದ ಬಸ್ಸು ಹತ್ತಿದರು. ಅಲ್ಲಿಯ ಡಾಕ್ಟರು ನಗುನಗುತ್ತಲೇ ನನ್ನ ಎಡಪಕ್ಕೆಯ ಕೆಳಗೆ ಒತ್ತಿ ನೋಡಿ, ನಗು ನಿಲ್ಲಿಸಿ, ಶಿವಮೊಗ್ಗದ ಆಸ್ಪತ್ರೆಗೆ ಚೀಟಿ ಬರೆದರು.

ಶಿವಮೊಗ್ಗದಲ್ಲಿ ರಕ್ತ ತೆಗೆದು ಪರೀಕ್ಷಿಸಿದ ಡಾಕ್ಟರು ಅಪ್ಪನನ್ನು ಕೂರಿಸಿದರು. "ಲಿವರ್ ಚೆನ್ನಾಗೇ ಇದೆ ರೀ. ಇವಳ ಮೈ ಇವಳದೇ ರಕ್ತದ ಕಣಗಳನ್ನ ಕಳ್ಳರು ಅಂತ ತಿಳ್ಕೊಂಡು ಒಡೆದು ಹಾಕ್ತಿದೆ. ಒಡೆದದ್ದರ ಬಣ್ಣವೇ ಈ ಹಳದಿ."

ಅಪ್ಪ ಅಂಗಿಯ ತೋಳು ಮಡಚಿದರು. "ನನ್ ರಕ್ತ ತಗಳ್ರಿ. ಎಷ್ಟ್ ಬೇಕಾದ್ರೂ ತಗಳ್ರಿ."

"ನಿಮ್ಮದನ್ನೂ ಬಿಡಲ್ಲ ಅದು. ಮಾತ್ರೆ ಕೊಟ್ಟು ಮೊದಲು ಒಳಗಿನ ಜಗಳ ನಿಲ್ಲಿಸ್ಬೇಕು. ನಿಂತ್ರೆ ಉಳೀತಾಳೆ."

ಅಪ್ಪ ಮಡಚಿದ ತೋಳನ್ನು ಇಳಿಸಲೇ ಇಲ್ಲ.

ಮಾತ್ರೆಗಳು ನನಗೆ ಬಕಾಸುರನ ಹಸಿವು ತಂದವು. ಪಕ್ಕದ ಮಂಚದವಳು ತನ್ನ ಇಡ್ಲಿಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡೇ ಮಲಗುತ್ತಿದ್ದಳು. ನನ್ನ ಮುಖ ಊದಿ ಹುಣ್ಣಿಮೆಯಾಯಿತು. ಕನ್ನಡಿ ನೋಡಿ, ಯಾರೋ ದೊಡ್ಡವರೆಂದು ನಾನೇ ನಮಸ್ಕಾರ ಮಾಡಿದೆ.

ಕೊನೆಗೊಂದು ದಿನ ಡಾಕ್ಟರು ನನ್ನ ಕೆಳರೆಪ್ಪೆ ಎಳೆದು, "ಕೆಂಪು ಬರ್ತಿದೆ, ಬನ್ನಿ, ನೀವೂ ನೋಡಿ," ಎಂದರು. ಅಪ್ಪ ಬಗ್ಗಿ ನೋಡಿದರು. ಆಸ್ಪತ್ರೆಯ ಹಿತ್ತಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಅವರ ಕಣ್ಣು ನನ್ನದಕ್ಕಿಂತ ಕೆಂಪಾಗಿತ್ತು.