ದಕ್ಷಿಣಕ್ಕ ಐದು ಕಿಲೋಮೀಟರ್

ಮೌನೇಶ್ವರಿಗೆ ಏನೂ ಆಗಲಿಲ್ಲ. ಆದದ್ದೆಲ್ಲಾ ಆಕಿ ಮಾತು ನಂಬಿದವರಿಗೆ. ಅದಕ್ಕ ಈ ಕಥಿ ಹೇಳಾಕ ನನಗ ಬಾಯಿ ಒಣಗತದ.

ಯಾದಗಿರಿಯ ಒಂದು ಹವಾಮಾನ ಘಟಕದಾಗ ಹದಿನೆಂಟು ವರ್ಷ ದುಡಿದಾಕಿ. ಮೊದಲು ಮಳಿಮಾಪಕದ ನೀರು ಅಳದು ವಹಿಯೊಳಗ ಬರಿಯೂದು, ಅಷ್ಟ ಕೆಲಸ. ಆಮ್ಯಾಲ ಉಪಗ್ರಹದ ಚಿತ್ರ ಕಂಪ್ಯೂಟರಿಗೆ ಬರಾಕತ್ತಿದವು. ಈಕಿನ್ನ ಹತ್ತು ದಿನದ ತರಬೇತಿಗೆ ಕಳಿಸಿದ್ರು. "ಪಿಯುಸಿ ಓದಿದಾಕಿ ಈಗ ಆಕಾಶ ಓದತಾಳಂತ" ಅಂತ ಆಫೀಸಿನ ಮಂದಿ ನಕ್ಕರು. ನಗಲಿ ಬಿಡ್ರಿ, ನಗಾಕ ಅವರಿಗೇನು ಕೆಲಸ ಇತ್ತೇನು.

ತರಬೇತ್ಯಾಗ ಲಕ್ಷ್ಮಿಕಾಂತ ಸರ್ ಮೇಜಿನ ಮ್ಯಾಲ ಒಂದು ನೀರಿನ ಚರಗಿ ಇಟ್ಟು, ಎಲ್ಲಾರನೂ ಬಾಗಲದಾಗ ನಿಲ್ಲಿಸಿ, ಅದರ ಬಾಯಿ ಎಲ್ಲಿ ಕಾಣತದ ಅಂತ ಕೇಳಿದ್ರು. ಓರೆಯಾಗಿ ನೋಡಿದ್ರ ಅದು ಹಿಂದಿನ ಗ್ವಾಡಿ ಕಡಿ ಸರದಂಗ ಕಾಣತಿತ್ತು. "ಉಪಗ್ರಹ ದೂರದ ದಕ್ಷಿಣದಾಗ ನಿಂತು ಹಿಂಗ ಓರೆಯಾಗೇ ನೋಡತದ. ಎತ್ತರದ ಸಿಡಲಮೋಡ ಇದ್ದ ಜಾಗಕ್ಕಿಂತ ಉತ್ತರಕ್ಕ ಕಾಣತದ. ನಿಮ್ಮ ಕಡಿ ಐದು ಕಿಲೋಮೀಟರ್ ದಕ್ಷಿಣಕ್ಕ ಸರಿಸಿ ಓದ್ರಿ" ಅಂದ್ರು. ಉಳಿದವರು ಚಾ ಕುಡಿಯಾಕ ಹೋದ್ರು. ಮೌನೇಶ್ವರಿ ಬರಕೊಂಡ್ಲು.

ಆ ಐದು ಕಿಲೋಮೀಟರೇ ಆಕಿ ಹೆಸರು ಮಾಡಿತು. ಉದ್ಯೋಗ ಖಾತ್ರಿ ಕೆಲಸಕ್ಕ ಬಂದ ಹೆಣ್ಣಮಕ್ಕಳ ಮುಖಂಡರಿಗೆ ಫೋನ್ ಹಚ್ಚಿ "ಕೆಲಸ ಬಿಟ್ಟು ಏಳ್ರಿ, ಅರ್ಧ ತಾಸಿನ್ಯಾಗ ಸಿಡಲು" ಅಂದ್ರ, ಸಿಡಲು ಅಲ್ಲೇ ಬೀಳತಿತ್ತು. ಮೊದಮೊದಲು ಹೆದರಿ ಸುತ್ತಲಿನವರನ್ನೆಲ್ಲಾ ಎಬ್ಬಿಸತಿದ್ಲು. ಎರಡು ಸಲ ಹನಿನೂ ಬೀಳಲಿಲ್ಲ. ಮೂರನೇ ಸಲ ಯಾರೂ ಫೋನ್ ಎತ್ತಲಿಲ್ಲ. ಅವತ್ತಿಂದ ಯಾರ ಮ್ಯಾಲ ಬರತದೋ ಅವರಿಗಷ್ಟ ಹೇಳೂದು ಅಂತ ಗಟ್ಟಿ ಮಾಡಿಕೊಂಡ್ಲು.

ಈ ಸಲದ ಮೇ ತಿಂಗಳು. ಬಳಿಚಕ್ರದ ಕೆರಿ ಹೂಳು ತಗಿಯಾಕ ಮುನ್ನಿಬೀ ಗುಂಪು ಹತ್ತಿತ್ತು. ಅಲ್ಲಿಂದ ಉತ್ತರಕ್ಕ ಐದು ಕಿಲೋಮೀಟರ್ ದೂರ, ದನ ನೀರು ಕುಡಿಯೂ ಗೋಕಟ್ಟಿ ತೋಡಾಕ ಮಲ್ಲಾಬಾಯಿ ಗುಂಪು. ಒಂದೊಂದರಾಗ ನಲವತ್ತು ಮಂದಿ. ಮಧ್ಯಾಹ್ನ ಎರಡಕ್ಕ ಗಾಳಿ ಗಪ್ಪಂತ ನಿಂತಿತು. ಪರದೆ ಮ್ಯಾಲ ಬೆಳ್ಳನ ಮೋಡ, ನೆತ್ತಿ ಸೊನ್ನೆಗಿಂತ ಎಪ್ಪತ್ತು ಡಿಗ್ರಿ ಕೆಳಗ, ಅಂದ್ರ ಭಾಳ ಎತ್ತರದ ಸಿಡಲಮೋಡ, ಗೋಕಟ್ಟಿ ಮ್ಯಾಲ ಬಂದು ಕುಂತಿತ್ತು. ಮೌನೇಶ್ವರಿ ಬೆರಳು ತಾನೇ ಐದು ಕಿಲೋಮೀಟರ್ ದಕ್ಷಿಣಕ್ಕ ಇಳೀತು. ಕೆರಿ!

"ಮುನ್ನಿಬೀ, ಎಲ್ಲಾರನೂ ಸಾಲಿ ಕಟ್ಟಡದೊಳಗ ಕರಕೊಂಡು ಹೋಗು. ಓಡ್ರಿ!"

ಮುನ್ನಿಬೀ ಕೂಗಿ ಮಂದಿನ್ನ ಎಬ್ಬಿಸೂದು ಫೋನಿನ್ಯಾಗೇ ಕೇಳಿತು. ಫೋನ್ ಇಡೂದರಾಗ ಮಲ್ಲಾಬಾಯಿದು ಬಂತು. "ಅಕ್ಕಾರ, ಇಲ್ಲಿ ಮುಗಲು ಕಪ್ಪಿಟ್ಟದ್ರಿ. ನಾವೂ ಏಳೂಣೇನ್ರಿ?"

"ಅದು ನಿಮ್ಮ ಮ್ಯಾಲಿಲ್ಲ, ಕೆರಿ ಮ್ಯಾಲದ. ಇರ್ರಿ. ಈಗ ಬಯಲಾಗ ಊರ ಕಡಿ ಹೊಂಟ್ರ ನಡುವ ಸಿಡಲಿಗೆ ಸಿಗತೀರಿ."

"ನೀವಂದ್ರ ಆತ್ರಿ."

ಕಾಲು ತಾಸಿಗೆ ಹೊಸ ಚಿತ್ರ ಬಂತು. ಮೂಲ್ಯಾಗ ಸಣ್ಣ ಅಕ್ಷರದಾಗ ಒಂದು ಸಾಲು: ಓರೆ ನೋಟ ಸರಿಪಡಿಸಲಾಗಿದೆ. ಆ ವಾರದ ಸೋಮವಾರದಿಂದ ಚಿತ್ರ ತಿದ್ದಿಕೊಂಡೇ ಬರಾಕತ್ತಿತ್ತು. ಮೂರು ದಿನ ಮುಗಲು ಖಾಲಿ ಇತ್ತು, ಆ ಸಾಲಿನ ಮ್ಯಾಲ ಆಕಿ ಕಣ್ಣೇ ಹೋಗಿರಲಿಲ್ಲ. ಕಂಪ್ಯೂಟರ್ ಸರಿಸಿ ಕೊಟ್ಟದ್ದನ್ನ ಈಕಿ ಇನ್ನೊಮ್ಮೆ ಸರಿಸಿದ್ಲು. ಮೋಡ ಕಂಡಲ್ಲೇ ಇತ್ತು, ಗೋಕಟ್ಟಿ ಮ್ಯಾಲ.

ಮಲ್ಲಾಬಾಯಿಗೆ ಹಚ್ಚಿದ್ಲು. ಸ್ವಿಚ್ ಆಫ್. ಫೋನ್ ಸಿಡಲು ಎಳಕೊಳ್ಳತದಂತ, ಗುಡುಗು ಸುರುವಾದ್ರ ಆ ಕಡಿ ಮಂದಿ ಬಂದ್ ಮಾಡಿ ಇಡತಾರ. ಮತ್ತ ಹಚ್ಚಿದ್ಲು. ಮತ್ತ. ಹಾಳಾದ ಆ ದನಿ ಹೇಳಿದ್ದನ್ನೇ ಹೇಳಿತು.

ಗೋಕಟ್ಟ್ಯಾಗ ಸಿಡಲು ಬಡದು ಮೂವರು ಹೋದ್ರು, ಮಲ್ಲಾಬಾಯಿನೂ ಸೇರಿ. ಸಂಜಿಕ ಮುನ್ನಿಬೀ ಫೋನ್ ಮಾಡಿ, "ಅಲ್ಲಾ ನಿಮ್ಮನ್ನ ಛಲೋ ಇಡಲಿ ಅಕ್ಕಾ, ನಮ್ಮನ್ನ ಉಳಿಸಿದ್ರಿ" ಅಂತ ಅತ್ತಳು.

ಮರುದಿನ ಮಲ್ಲಾಬಾಯಿ ಮನಿಗೆ ಹೋದ್ಲು. ಸತ್ತ ಇನ್ನಿಬ್ಬರ ಮನಿಯವರು ಅಂಗಳದಾಗ ನಿಂತು ಮಲ್ಲಾಬಾಯಿನ್ನ ಬೈಯಾಕತ್ತಿದ್ರು. ಸೊಸಿ ದೇವಿಕಾ ಒಳಗಿಂದ ಬಂದು ಆಕಿ ಕೈ ಹಿಡಕೊಂಡ್ಲು.

"ಬರ್ರಿ ಅಕ್ಕಾರ. ಅತ್ತಿ ನಿಮಗ ಫೋನ್ ಮಾಡಿದ್ದು ಗೋಕಟ್ಟ್ಯಾಗಿದ್ದ ನಾ ನೋಡೀನಿ, ಗುಡುಗಿಗೆ ಮಾತು ಕೇಳಲಿಲ್ಲ. ನೀವು ಏಳ್ರಿ ಅಂದ್ರೂ ಮುದುಕಿನೇ ಹಟ ಮಾಡಿ ಕೂಡ್ರಿಸಿ ಕೊಂದಳಂತ ಇವರು ಅಂತಾರ. ನಿಮ್ಮ ಮಾತು ಅತ್ತಿ ಎಂದೂ ಮೀರಿದಾಕಿ ಅಲ್ಲ. ನೀವು ಏನಂದ್ರಿ?"

ಅಂಗಳದ ಬೈಗುಳ ನಿಂತಿತು. ಎಲ್ಲಾರೂ ಈ ಕಡಿ ತಿರುಗಿದ್ರು. ಮಲ್ಲಾಬಾಯಿ ಕೇಳಿದ್ದು, ಈಕಿ ಹೇಳಿದ್ದು, ಇನ್ನೊಂದು ಕಿವಿಗೆ ಬಿದ್ದಿರಲಿಲ್ಲ.

"ಇರ್ರಿ ಅಂದೆ ತಂಗಿ" ಅಂದ್ಲು ಮೌನೇಶ್ವರಿ, ಅಂಗಳಕ್ಕ ಕೇಳೂವಂಗ. "ಆಕಿ ಏಳೂಣೇನು ಅಂತ ಕೇಳಿದ್ಲು. ನಾನೇ ಇರ್ರಿ ಅಂದೆ."