ಹದಿನೆಂಟು ದಿನದ ಸಣ್ಣ ಉರಿ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಉಕ್ಕು ಕರಗಿಸುವ ಕಾರ್ಖಾನೆಯಲ್ಲಿ ಗಾರೆ ಮೇಸ್ತ್ರಿ. ಕುಲುಮೆಯ ಒಳಗೋಡೆಗೆ ಇಟ್ಟಿಗೆ ಕೂರಿಸುವುದು ಅವರ ಕೆಲಸ. ಮೂವತ್ತೊಂದು ವರ್ಷದಲ್ಲಿ ಅವರು ಕಟ್ಟಿದ ಒಂದು ಗೋಡೆಯೂ ಬಾಯಿ ಬಿಟ್ಟಿರಲಿಲ್ಲ. ಆ ಹೆಸರೊಂದೇ ಅವರ ಆಸ್ತಿ. ನನ್ನ ಕೈಗೆ ಗಾರೆ ಬಳಿಯುವ ಕರಣೆ ಕೊಟ್ಟವರೂ ಅವರೇ.

ಹಳೆಯ ಕುಲುಮೆ ನಾಲ್ಕು ವರ್ಷದಿಂದ ಇವತ್ತೋ ನಾಳೆಯೋ ಅನ್ನುತ್ತಿತ್ತು. ಹೊಸದು ಕಟ್ಟಿಸಿ ಎಂದು ಭಾವ ದೊಡ್ಡ ಸಾಹೇಬರ ಬಾಗಿಲು ಸವೆಸಿದರು. "ಮುಂದಿನ ವರ್ಷ ನೋಡೋಣ ಮೇಸ್ತ್ರಿ" ಎಂದು ಸಾಹೇಬರು ಪ್ರತಿ ಸಲ ಮೂಗಿಗೆ ತುಪ್ಪ ಸವರಿ ಕಳಿಸುತ್ತಿದ್ದರು. ಒಳಗಿನ ಸಂಗತಿ ಆಮೇಲೆ ಆಫೀಸಿನ ಟೈಪಿಸ್ಟ್ ಹೇಳಿದಳು. ಸಾಹೇಬರ ಬೋನಸ್ಸು ನಿಂತಿದ್ದದ್ದು ಲಾಭದ ಮೇಲೆ; ಕುಲುಮೆಗೆ ಖರ್ಚು ಮಾಡಿದರೆ ಅವರ ಜೇಬಿಗೇ ಕತ್ತರಿ. ಐದನೇ ವರ್ಷ ಮಾಲೀಕರು ಕರಾರು ಬದಲಿಸಿದರು: ವರ್ಷ ಮುಗಿಯುವುದರೊಳಗೆ ಹೊಸ ಕುಲುಮೆ ಉರಿದರೆ ಬೋನಸ್ಸು, ಇಲ್ಲದಿದ್ದರೆ ಇಲ್ಲ. ಅಬ್ಬಾ, ಆಗ ನೋಡಬೇಕಿತ್ತು ಆ ಮನುಷ್ಯನನ್ನು! ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಓಡಾಡಿದ.

ಗೋಡೆ ಎದ್ದಾಗ ವರ್ಷ ಮುಗಿಯಲು ಹತ್ತೇ ದಿನ ಉಳಿದಿತ್ತು. ಹಸಿ ಗೋಡೆಯನ್ನು ಹದಿನೆಂಟು ದಿನ ಸಣ್ಣ ಉರಿಯಲ್ಲಿ ಒಣಗಿಸಬೇಕು. ನೀರು ಉಳಿದಿರುವಾಗ ದೊಡ್ಡ ಬೆಂಕಿ ಹಾಕಿದರೆ ಅದು ಹಬೆಯಾಗಿ ಗೋಡೆಯನ್ನು ಒಳಗಿಂದೊಳಗೇ ಸೀಳುತ್ತದೆ. ಹಬೆ ಹೊರಬರುವ ಕಂಡಿಗೆ ಭಾವ ಒಂದು ತಣ್ಣನೆಯ ಕನ್ನಡಿ ಹಿಡಿಯುತ್ತಿದ್ದರು. ಮಂಜಾದರೆ ಇನ್ನೂ ಹಸಿ. ಒಣಗಿದೆ ಎಂಬ ಕಾಗದಕ್ಕೆ ಮೇಸ್ತ್ರಿ ಸಹಿ ಹಾಕದೆ ದೊಡ್ಡ ಬೆಂಕಿ ಹಾಕುವಂತಿರಲಿಲ್ಲ.

ಒಂಬತ್ತನೇ ದಿನ ಸಾಹೇಬರು ಕಾಗದ ಹಿಡಿದು ಬಂದರು. ಭಾವ ಮಂಜಾದ ಕನ್ನಡಿ ತೋರಿಸಿದರು.

"ಅದನ್ನ ಒರೆಸಿ, ಸಹಿ ಹಾಕಿ."

"ಕನ್ನಡಿ ಒರೆಸಬಹುದು ಸಾರ್. ಗೋಡೆ ಒಳಗಿನ ನೀರು ಒರೆಸೋಕಾಗುತ್ತಾ? ನಾನು ಹಾಕಲ್ಲ."

ಸಾಹೇಬರು ನನ್ನ ಕಡೆ ತಿರುಗಿದರು. "ಇವತ್ತಿಂದ ನೀನೇ ಮೇಸ್ತ್ರಿ. ಹಾಕ್ತೀಯಾ?"

"ಬೇಡ ಕಣೋ" ಎಂದರು ಭಾವ.

ಹನ್ನೆರಡು ವರ್ಷ ಗಾರೆ ಕಲಸಿದ್ದ ನನಗೆ ಆಸೆ ತಲೆಗೇರಿತ್ತು. ಥೂ, ನನ್ನ ಜನ್ಮಕ್ಕಿಷ್ಟು! ಹಾಕಿದೆ.

ಬೆಂಕಿ ಬಿತ್ತು, ಚಪ್ಪಾಳೆ ಬಿತ್ತು, ಫೋಟೊ ತೆಗೆದರು. ಭಾವ ನನ್ನ ಕೈಕೆಳಗೆ ಗಾರೆ ಕೆಲಸಕ್ಕೆ ಉಳಿದರು. ಸಾಹೇಬರು ಬೋನಸ್ಸು ಎಣಿಸಿಕೊಂಡು ಬೇರೆ ಕಡೆ ದೊಡ್ಡ ಹುದ್ದೆಗೆ ಹೋದರು. ಆರನೇ ವಾರ ಗೋಡೆ ಒಡೆಯಿತು. ಕಾದ ಉಕ್ಕು ನುಗ್ಗಿ ಕುಲುಮೆ ಕಾಯುತ್ತಿದ್ದವನ ಎರಡೂ ಕೈ ಸುಟ್ಟುಹೋದವು.

ವಿಚಾರಣೆಯ ದಿನ ಭಾವ, ನಾನು ಒಂದೇ ಬೆಂಚಿನಲ್ಲಿ ಕೂತಿದ್ದೆವು. ಸಾಹೇಬರ ಹೆಸರನ್ನು ಯಾರೂ ಎತ್ತಲಿಲ್ಲ. ಅಧಿಕಾರಿ ಕಾಗದ ಮುಂದಿಟ್ಟು, "ಹಸಿ ಗೋಡೆಗೆ ಯಾಕಯ್ಯಾ ಸಹಿ ಹಾಕಿದೆ?" ಎಂದು ನನ್ನನ್ನು ಕೇಳಿದರು. ನನ್ನ ಇಬ್ಬರು ಮಕ್ಕಳ ಮುಖ ಕಣ್ಣ ಮುಂದೆ ಬಂತು.

"ಒಣಗಿದೆ ಅಂತ ಭಾವನೇ ಹೇಳಿದ್ರು ಸಾರ್."

ಅಧಿಕಾರಿ ಭಾವನನ್ನು ನೋಡಿದರು. ಭಾವ ನನ್ನನ್ನು ನೋಡಿದರು. ಸಾಹೇಬರಿಗಾಗಿ ಒಂದು ಸುಳ್ಳೂ ಹೇಳದ ಮನುಷ್ಯ.

"ಹೌದು ಸಾರ್, ನಾನೇ ಹೇಳಿದ್ದೆ. ಪಾಪ, ಇವನು ನನ್ನ ಮಾತು ನಂಬಿದ."

ಕೆಟ್ಟ ಕೆಲಸ ಎಂದು ಬರೆದು ಅವರನ್ನು ಮನೆಗೆ ಕಳಿಸಿದರು. ಈಗ ಯಾವ ಕಾರ್ಖಾನೆಯವರೂ ಅವರನ್ನು ಗೇಟಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ನಾನು ಮೇಸ್ತ್ರಿ. ಭಾನುವಾರ ಅಕ್ಕ ನನ್ನನ್ನು ಊಟಕ್ಕೆ ಕರೆಯುತ್ತಾಳೆ. ಅವಳಿಗೆ ನಿಜ ಗೊತ್ತಿಲ್ಲ. ಬಡಿಸುತ್ತಾ ಗಂಡನ ಮೇಲೆ ಹರಿಹಾಯುತ್ತಾಳೆ.

"ಇನ್ನೂ ಒಂಬತ್ತು ದಿನ ಕಾದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಸದ್ಯ, ನನ್ನ ತಮ್ಮನ ಕೆಲಸ ಉಳೀತು!"

ಭಾವ ತಲೆ ತಗ್ಗಿಸಿ ಉಣ್ಣುತ್ತಾರೆ. ನಾನೂ ಉಣ್ಣುತ್ತೇನೆ.