ಮೂರು ಕಿಲೋವಾಟ್ ಬಿಸಿಲು

ಬೆಳಗಿನ ಆರಕ್ಕೆಲ್ಲ ಬಕೆಟ್ಟು, ವೈಪರು ಹಿಡಿದು ಮಾಳಿಗೆ ಹತ್ತಿ ಸೋಲಾರ್ ಫಲಕಗಳನ್ನು ತೊಳೆಯುವ ನನ್ನ ಶಿಸ್ತನ್ನು ಕಂಡು, ಶಹಾಪುರದ ನಮ್ಮ ಓಣಿಯವರು ನಿವೃತ್ತರೆಂದರೆ ಹೀಗಿರಬೇಕು ಎನ್ನುತ್ತಾರೆ. ನಾನೂ ಗಂಭೀರವಾಗಿ ಒಪ್ಪಿಕೊಳ್ಳುತ್ತೇನೆ. ಪುಕ್ಕಟೆ ಬಂದದ್ದನ್ನು ಬೇಡವೆಂದ ದಾಖಲೆ ನನ್ನ ಚರಿತ್ರೆಯಲ್ಲೇ ಇಲ್ಲ.

ಭೀಮರಾಯನಗುಡಿಯ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಸಬ್ಸಿಡಿ ಎಂಬ ಮೂರಕ್ಷರದ ಮಹಿಮೆಯನ್ನು ಯಾರೂ ಬೋಧಿಸಬೇಕಿಲ್ಲ. ರಂಗಂಪೇಟೆಯ ನನ್ನ ಷಡ್ಡಕರು ಹಿಂದೊಮ್ಮೆ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿದ್ದರು. ಅವರ ಮನೆಯಲ್ಲಿ ಎಮ್ಮೆ ಇರಲಿಲ್ಲ, ಸಬ್ಸಿಡಿ ಇತ್ತು. ಆಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಸೋಲಾರ್ ಹಾಕಿಸುವುದಾದರೆ ಗಂಡಹೆಂಡಿರಿಬ್ಬರ ನಮ್ಮ ಮನೆಗೆ ಒಂದು ಕಿಲೋವಾಟ್ ಧಾರಾಳವಾಗುತ್ತಿತ್ತು. ಅದು ಮಾಳಿಗೆಯ ಬಿಸಿಲು ಬೀಳುವ ಅರ್ಧದಲ್ಲೇ ಹಿಡಿಯುತ್ತಿತ್ತು ಕೂಡ. ಆದರೆ ಫಲಕ ಕೂಡಿಸುವ ಗುತ್ತಿಗೆದಾರ, "ಒಂದು ಹಾಕ್ಸಿದ್ರ ಸಬ್ಸಿಡಿ ಕಮ್ಮಿ ಬರ್ತದ್ರಿ ಸಾಹೇಬ್ರ, ಮೂರು ಹಾಕ್ಸಿದ್ರ ಪೂರಾ ಬರ್ತದ," ಎಂದ. ಪೂರಾ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನ್ನಂಥವನ ವಿವೇಕ ಎಲ್ಲಿ ನಿಂತೀತು? ಉಳಿದರ್ಧ ಮಾಳಿಗೆಯ ಮೇಲೆ ಬೀದಿಯಂಚಿನ ನಮ್ಮ ಬೇವಿನ ನೆರಳಿತ್ತು. ಕ್ರಮಬದ್ಧವಾಗಿ ಅರ್ಜಿ ಹಾಕಿ, ಮಂಜೂರಿ ಪಡೆದು ಮರ ಕಡಿಸಿದೆ.

ಆ ಮರದ ಬುಡದಲ್ಲಿ ಹದಿನೈದು ವರ್ಷಗಳಿಂದ ರಶೀದಾಬಿ ಎಂಬಾಕೆ ಹೊಲಿಗೆ ಯಂತ್ರ ಇಟ್ಟುಕೊಂಡು, ಸೀರೆಗೆ ಫಾಲ್ ಹಚ್ಚುತ್ತ, ಹರಿದದ್ದನ್ನು ಹೊಲಿಯುತ್ತ ಹೊಟ್ಟೆ ಹೊರೆಯುತ್ತಿದ್ದಳು. ಮರದ ಕೆಳಗೆ ಯಾರು ಕುಳಿತಿದ್ದಾರೆ ಎಂಬ ಕಾಲಂ ಅರ್ಜಿಯಲ್ಲಿರಲಿಲ್ಲ; ಕಾಲಂ ಇಲ್ಲದ್ದನ್ನು ಯೋಚಿಸುವ ಅಭ್ಯಾಸ ನನಗೂ ಇರಲಿಲ್ಲ.

ನೆರಳು ಹೋದದ್ದೇ ಬೀದಿಗೋಡೆ ಕಾದ ಹಂಚಾಗಿ, ಕೋಣೆಗೆ ಏಸಿ ತಂದೆವು. ಮರ ಸುಮ್ಮನೆ ಕೊಡುತ್ತಿದ್ದ ತಂಪನ್ನು ಈಗ ಮೂರು ಕಿಲೋವಾಟ್ ಸುರಿದು ತಯಾರಿಸುತ್ತೇವೆ. ಷಡ್ಡಕರು ಬಂದು ನೋಡಿ ಹೋದರು. ಪಾಪ, ಅವರು ನಗಲಿಲ್ಲ.

ರಶೀದಾಬಿ ಬೇರೆಲ್ಲೂ ಹೋಗಲಿಲ್ಲ, ಗಿರಾಕಿಗಳಿಗೆ ಗೊತ್ತಿರುವ ಜಾಗ ಅದೊಂದೇ. ಕಾಂಪೌಂಡಿನ ನೆರಳು ಸರಿದಂತೆಲ್ಲ ಯಂತ್ರವನ್ನು ಎಳೆಯುತ್ತಾಳೆ. ನೆತ್ತಿಯ ಮೇಲೆ ಬಿಸಿಲು ಬಂದಾಗ ಹೊಲಿಗೆ ನಿಲ್ಲಿಸಿ, ತಲೆಗೆ ಸೆರಗು ಹೊದ್ದು ಕೂಡುತ್ತಾಳೆ. ನಮ್ಮ ಪಡಸಾಲೆಗೆ ಕರೆದರೆ, "ಒಳಗ ಕುಂತ್ರ ಗಿರಾಕಿಗೆ ಕಾಣಂಗಿಲ್ರಿ," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೋದ ಬೇಸಿಗೆಯಲ್ಲಿ ಒಂದು ದಿನ, ನಾನು ಫಲಕ ತೊಳೆದು ಕೆಳಗಿಳಿದಾಗ, ಸೂಜಿಗೆ ದಾರ ಪೋಣಿಸುತ್ತ, ನಿಜಕ್ಕೂ ತಿಳಿಯಬೇಕೆಂದೇ ಕೇಳಿದಳು: "ಸಾಹೇಬ್ರ, ನಿಮಗ ಇವೆಲ್ಲಾ ಗೊತ್ತದ. ನೆರಳಿಗೇನಾರ ಸಬ್ಸಿಡಿ ಅದ ಏನ್ರಿ?"

ಮೂವತ್ತು ವರ್ಷ ಬಂದವರಿಗೆಲ್ಲ 'ನೋಡೋಣ' ಎಂದು ಹೇಳಿ ಕಳಿಸಿದ ನಾನು, ಅವತ್ತು ಬಕೆಟ್ಟು ಎತ್ತಿಕೊಂಡು ಮತ್ತೆ ಮಾಳಿಗೆ ಹತ್ತಿ, ತೊಳೆದ ಫಲಕಗಳನ್ನೇ ಇನ್ನೊಮ್ಮೆ ತೊಳೆದೆ.

ಆಗೆಲ್ಲ ನಾನು ಫಲಕ ತೊಳೆಯುತ್ತಿದ್ದುದು ಒಂಬತ್ತಕ್ಕೆ. ಈಗ ಆರಕ್ಕೆ. ಓಣಿಯವರು ಹೊಗಳುವ ಶಿಸ್ತಿನ ಗುಟ್ಟು ನಿಮಗೊಬ್ಬರಿಗೆ ಹೇಳುತ್ತೇನೆ: ಆಕೆ ಎಂಟಕ್ಕೆ ಯಂತ್ರ ತರುತ್ತಾಳೆ. ಅಷ್ಟರೊಳಗೆ ನಾನು ಮಾಳಿಗೆಯಿಂದ ಇಳಿದು, ಒಳಗೆ ಬಾಗಿಲು ಹಾಕಿಕೊಂಡಿರಬೇಕು.